ಸಾಲ ಯಾರದು, ಲೆಕ್ಕ ಯಾರದು?

2025ರ ಜುಲೈ ತಿಂಗಳ ಒಂದು ಸಂಜೆ. ಅಸರ್ ನಮಾಜು ಮುಗಿಸಿ ಬಂದ ನಮ್ಮ ಬೀದಿಯ ದರ್ಜಿ ಚಾಚಾ ನಮ್ಮ ಮನೆಯ ಜಗುಲಿಯ ಮೇಲೆ ಕೂತು, ಜುಬ್ಬದ ಜೇಬಿನಿಂದ ಮಡಚಿ ಮಡಚಿ ಸವೆದುಹೋದ ಕಾಗದವೊಂದನ್ನು ತೆಗೆದು ನಮ್ಮ ಕೈಗಿತ್ತರು. "ಬೇಟಾ, ನೀನು ಕತೆ ಬರೆಯುವವನು. ಈ ಕತೆಯನ್ನು ಸ್ವಲ್ಪ ಓದಿ ಹೇಳು" ಎಂದರು.

ಕಾಗದ ಇಂಗ್ಲಿಷಿನಲ್ಲಿತ್ತು. ಚಾಚಾ ಓದಿದ್ದು ಉರ್ದು ಶಾಲೆಯ ಐದನೇ ತರಗತಿಯವರೆಗೆ. 2019ರಲ್ಲಿ ಹೆಂಡತಿಯ ಆಪರೇಷನ್ನಿಗೆಂದು ಅವರು ಕ್ರೆಡಿಟ್ ಕಾರ್ಡಿನಲ್ಲಿ 40,000 ರೂಪಾಯಿ ಉಜ್ಜಿಸಿದ್ದರು. ಆ ಕಾರ್ಡನ್ನು ಅವರು ಕೇಳಿ ಪಡೆದದ್ದಲ್ಲ. ಅಂಗಡಿಗೆ ಬಂದ ಟೈ ಕಟ್ಟಿದ ಹುಡುಗನೊಬ್ಬ "ಫ್ರೀ ಇದೆ, ಇಟ್ಟುಕೊಳ್ಳಿ ಚಾಚಾ" ಎಂದು ಸಹಿ ಹಾಕಿಸಿಕೊಂಡು ಹೋಗಿದ್ದ. ಮೂರು ತಿಂಗಳು ಎರಡೆರಡು ಸಾವಿರದಂತೆ ಕಟ್ಟಿದರು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು, ಮದುವೆಗಳು ನಿಂತವು, ರಂಜಾನಿನ ಹೊಲಿಗೆ ನಿಂತಿತು, ಕಂತೂ ನಿಂತಿತು. ಈಗ, ಐದು ವರ್ಷಗಳ ನಂತರ, ಆ ಸಾಲವನ್ನು ಬ್ಯಾಂಕಿನಿಂದ ಕೊಂಡಿದ್ದೇವೆನ್ನುವ ಯಾವುದೋ ಕಂಪನಿ 1,86,400 ರೂಪಾಯಿ ಕೇಳುತ್ತಿದೆ. "ದೊಡ್ಡ ಮನಸ್ಸು ಮಾಡಿ" 60,000ಕ್ಕೆ ಇತ್ಯರ್ಥ ಮಾಡಿಕೊಳ್ಳುವುದಂತೆ. ಕಾಗದದ ಕೆಳಗೆ ಚಾಚಾ ಸಹಿ ಹಾಕಬೇಕಾದ ಜಾಗವಿತ್ತು. ಮೇಲಿನ ಸಾಲು ಹೀಗಿತ್ತು: ಈ ಬಾಕಿಯನ್ನು ನಾನು ಒಪ್ಪಿಕೊಳ್ಳುತ್ತೇನೆ ಮತ್ತು ಆರು ಕಂತುಗಳಲ್ಲಿ ತೀರಿಸುವುದಾಗಿ ಮಾತು ಕೊಡುತ್ತೇನೆ.

ಫೋನು ಮಾಡುವವನು, ಸಹಿ ಹಾಕದಿದ್ದರೆ ಪೊಲೀಸರನ್ನು ಕರೆತಂದು ಹೊಲಿಗೆ ಮಿಷಿನ್ ಎತ್ತಿಕೊಂಡು ಹೋಗುತ್ತೇವೆ ಎಂದಿದ್ದಾನೆ. ಚಾಚಾ ನಮ್ಮನ್ನು ಎರಡು ಪ್ರಶ್ನೆ ಕೇಳಿದರು. "ನನ್ನನ್ನು ಜೈಲಿಗೆ ಹಾಕುತ್ತಾರಾ?" ಎಂಬುದು ಮೊದಲನೆಯದು. ಎರಡನೆಯದನ್ನು ಅವರು ತುಸು ಹೊತ್ತು ಸುಮ್ಮನಿದ್ದು ಕೇಳಿದರು: "ಕೋರ್ಟು ಬಿಟ್ಟರೂ ಅಲ್ಲಾಹ್ ಬಿಡುತ್ತಾನಾ?"

ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದಾಗ ನಮಗೆ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಏಕೆಂದರೆ ಇದು ಒಬ್ಬ ಚಾಚಾನ ಕತೆಯಲ್ಲ. ನಮ್ಮ ಊರುಗಳ ಮೆಕ್ಯಾನಿಕ್ಕು, ಖಾಸಗಿ ಶಾಲೆಯ ಮೇಷ್ಟ್ರು, ಮೊಬೈಲ್ ಅಂಗಡಿಯ ಹುಡುಗ, ಎಲ್ಲರ ಜೇಬಿನಲ್ಲೂ ಇಂಥದೊಂದು ಕಾಗದ ಮಡಚಿಕೊಂಡಿದೆ. ಮಾನಕ್ಕೆ ಅಂಜಿ ಯಾರೂ ಅದನ್ನು ಹೊರಗೆ ತೆಗೆಯುತ್ತಿಲ್ಲ, ಅಷ್ಟೆ.

ನಮ್ಮ ಬಳಿ ಬರುವ ಮೊದಲು ಚಾಚಾಗೆ ಎರಡು ಕಡೆಯಿಂದ ಉಪದೇಶ ಸಿಕ್ಕಿತ್ತು. ಚಹಾದಂಗಡಿಯ ಪಂಡಿತರು ಹೇಳಿದ್ದು ಒಂದು: "ಕಾರ್ಡಿನ ಸಾಲಕ್ಕೆ ಅಡಮಾನವಿಲ್ಲ, ಜಾಮೀನಿಲ್ಲ. ಅದು ಕಾನೂನಿನಲ್ಲಿ ಸಾಲವೇ ಅಲ್ಲ. ಕಾಗದ ಹರಿದು ಹಾಕಿ." ಅವರದೇ ಸಂಬಂಧಿಕರೊಬ್ಬರು ಹೇಳಿದ್ದು ಇನ್ನೊಂದು: "ಸಹಿ ಹಾಕಿ ಕಾರ್ಡು ತಗೊಂಡ ಮೇಲೆ ಮುಗೀತು. ಅವರು ಕೇಳಿದಷ್ಟು ಕೊಡಬೇಕು." ಎರಡೂ ತಪ್ಪು. ಮೊದಲನೆಯದು ಬಡವನನ್ನು ಕೋರ್ಟಿನ ಬಾಗಿಲಲ್ಲಿ ಬೀಳಿಸುತ್ತದೆ. ಎರಡನೆಯದು ಅವನನ್ನು ಮನೆಯೊಳಗೇ ದೋಚಿಸುತ್ತದೆ.

ಮೊದಲು ಚಹಾದಂಗಡಿಯ ಮಾತನ್ನೇ ನೋಡೋಣ. ಅಡಮಾನವಿಲ್ಲದ ಸಾಲವೂ ಸಾಲವೇ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಒಪ್ಪಿ ಪಡೆದ ಹಣವನ್ನು ಹಿಂದಿರುಗಿಸುವುದು ಕರಾರು. ಕಾರ್ಡು ಉಜ್ಜಿದ ಪ್ರತಿ ಸಲವೂ ಆ ಕರಾರು ನಡೆಯುತ್ತದೆ. ಬ್ಯಾಂಕು ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. 20 ಲಕ್ಷ ದಾಟಿದ ಬಾಕಿಯಾದರೆ ಸಾಲ ವಸೂಲಾತಿ ನ್ಯಾಯಮಂಡಳಿಗೇ ಹೋಗಬಹುದು. ಸಮನ್ಸ್ ಬಂದಾಗ ಹರಿದು ಹಾಕಿದವನ ಗೈರುಹಾಜರಿಯಲ್ಲಿ ಏಕಪಕ್ಷೀಯ ಡಿಕ್ರಿಯಾಗುತ್ತದೆ. ಆ ಡಿಕ್ರಿಯನ್ನು 12 ವರ್ಷಗಳವರೆಗೆ ಜಾರಿಗೊಳಿಸಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದಡಿ ಹೂಡಿದ ದಾವೆಯಾದರಂತೂ ಸಮನ್ಸ್ ಮುಟ್ಟಿದ 10 ದಿನಗಳೊಳಗೆ ಹಾಜರಿ ಹಾಕಬೇಕು. ಪ್ರತಿವಾದ ಮಾಡಲು ನ್ಯಾಯಾಲಯದ ಅನುಮತಿಯನ್ನೂ ಬೇಡಬೇಕು. "ಅದು ಸಾಲವೇ ಅಲ್ಲ" ಎಂದ ಚಹಾದಂಗಡಿಯ ಪಂಡಿತ ಆ ದಿನ ಜತೆಗೆ ಬರುವುದಿಲ್ಲ. ಆದ್ದರಿಂದ ಓದುಗರೇ, ಏಜೆಂಟನ ಫೋನಿಗೆ ಹೆದರಬೇಡಿ. ನ್ಯಾಯಾಲಯದ ಸಮನ್ಸನ್ನು ಮಾತ್ರ ಎಂದೂ ಕಡೆಗಣಿಸಬೇಡಿ.

ಇನ್ನು "ಕೇಳಿದಷ್ಟು ಕೊಡಬೇಕು" ಎನ್ನುವ ಮಾತು. ಇದನ್ನು ಹೇಳುವವರು ಹೆಚ್ಚಾಗಿ ಮರ್ಯಾದಸ್ಥರು. ಅದಕ್ಕೇ ಈ ಮಾತು ಹೆಚ್ಚು ಅಪಾಯಕಾರಿ. ಕಾಗದದಲ್ಲಿ ಮುದ್ರಿಸಿದ 1,86,400 ಎಂಬುದು ತೀರ್ಪಲ್ಲ, ಡಿಕ್ರಿಯಲ್ಲ. ಅದು ಒಂದು ಪಕ್ಷದ ಬೇಡಿಕೆ. ಬೇಡಿಕೆಯನ್ನು ರುಜುವಾತು ಮಾಡುವ ಹೊಣೆ ಬೇಡುವವನದು. ಅರ್ಜಿಯ ಮೂಲ ಪ್ರತಿ ಎಲ್ಲಿ? ತಿಂಗಳು ತಿಂಗಳಿನ ಸ್ಟೇಟ್‌ಮೆಂಟ್ ಎಲ್ಲಿ? ಯಾವ ದಿನ ಎಷ್ಟು ಬಡ್ಡಿ, ಯಾವ ದರದಲ್ಲಿ? ಕಂಪ್ಯೂಟರಿನಿಂದ ತೆಗೆದ ಲೆಕ್ಕವಾದರೆ ಅದಕ್ಕೆ ಕಾನೂನು ಕೇಳುವ ಪ್ರಮಾಣಪತ್ರ ಎಲ್ಲಿ? ಹಿಂದೆ ಈ ನಿಯಮ ಸಾಕ್ಷ್ಯ ಕಾಯ್ದೆಯ 65ಬಿ ಸೆಕ್ಷನ್ನಿನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿಗೆ ಬಂದಿದೆ. ಸಾಲವನ್ನು ಕೊಂಡ ಕಂಪನಿಯಾದರೆ ಇನ್ನೊಂದು ಪ್ರಶ್ನೆಯೂ ಇದೆ: ಬ್ಯಾಂಕು ನಿಮಗೆ ಈ ಸಾಲವನ್ನು ಬರೆದುಕೊಟ್ಟ ಪತ್ರ ಎಲ್ಲಿ? ಸಾಲವನ್ನು ಮಾರುವುದು ಕಾನೂನುಬಾಹಿರವಲ್ಲ, ನಿಜ. ಆದರೆ ಬ್ಯಾಂಕಿನ ಎದುರು ಸಾಲಗಾರನಿಗಿದ್ದ ತಕರಾರುಗಳೆಲ್ಲ ಕೊಂಡವನ ಎದುರೂ ಉಳಿಯುತ್ತವೆ. ಬಟ್ಟೆ ಕೊಂಡವನು ಅದರ ಹರಕನ್ನೂ ಕೊಂಡಂತೆಯೇ.

ಇವನ್ನು ಕೇಳುವುದು ಬೇಮಾನಿಯೇ? ಕಿರಾಣಿ ಅಂಗಡಿಯ ಶೆಟ್ಟರ ಬಳಿ ತಿಂಗಳ ಕೊನೆಗೆ ಚೀಟಿ ನೋಡದೆ ಹಣ ಕೊಡುವವರು ಯಾರಿದ್ದಾರೆ? ಚೀಟಿ ಕೇಳಿದರೆ ಶೆಟ್ಟರು ಬೇಸರಿಸುವುದೂ ಇಲ್ಲ. ಗಾಜಿನ ಬಾಗಿಲಿನ ಕಚೇರಿಯವರು ಚೀಟಿ ಕೇಳಿದರೆ ಮಾತ್ರ ನಾವು ಮೋಸಗಾರರಾಗುವುದು ಹೇಗೆ?

ಚಾಚಾನ ಚೀಟಿಯನ್ನು ನಾವು ಬಿಡಿಸಿ ನೋಡಿದೆವು. ಹಳೆಯ ಟ್ರಂಕಿನಲ್ಲಿ ಮೂರು ಬಿಲ್ಲುಗಳಿದ್ದವು. ಬಡ್ಡಿ ತಿಂಗಳಿಗೆ ಶೇ. 3.5, ಅಂದರೆ ವರ್ಷಕ್ಕೆ ಶೇ. 42. "ಕನಿಷ್ಠ ಪಾವತಿ" ಎಂದು ದೊಡ್ಡ ಅಕ್ಷರದಲ್ಲಿದ್ದ ಮೊತ್ತ 2,000. ಚಾಚಾ ಅದನ್ನು ಕಂತು ಎಂದು ತಿಳಿದಿದ್ದರು. 20 ತಿಂಗಳು ಕಟ್ಟಿದರೆ 40,000 ತೀರುತ್ತದೆ ಎಂಬುದು ಅವರ ಲೆಕ್ಕ. ಆದರೆ 40,000ಕ್ಕೆ ಒಂದು ತಿಂಗಳ ಬಡ್ಡಿ 1,400. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ 252. ಅವರು ಬೆವರು ಸುರಿಸಿ ಕಟ್ಟಿದ 2,000ದಲ್ಲಿ ಅಸಲಿಗೆ ಸೇರಿದ್ದು 348 ರೂಪಾಯಿ! ಮೂರು ತಿಂಗಳಲ್ಲಿ 6,000 ಕಟ್ಟಿದಾಗ ಅಸಲಿನಿಂದ ಇಳಿದದ್ದು ಹೆಚ್ಚೆಂದರೆ 1,100. ಕಟ್ಟದೆ ಹೋದ ಮೇಲಂತೂ ತಡ ಶುಲ್ಕ, ಅದರ ಮೇಲೆ ತೆರಿಗೆ, ಅವೆಲ್ಲದರ ಮೇಲೆ ಮತ್ತೆ ಬಡ್ಡಿ. ಕಟ್ಟದ ಶುಲ್ಕ ಮತ್ತು ತೆರಿಗೆಗಳನ್ನು ಅಸಲಿಗೆ ಸೇರಿಸಿ ಬಡ್ಡಿ ಹಾಕಬಾರದೆಂದು ರಿಸರ್ವ್ ಬ್ಯಾಂಕು 2022ರ ಕ್ರೆಡಿಟ್ ಕಾರ್ಡ್ ನಿರ್ದೇಶನದಲ್ಲಿ ಸ್ಪಷ್ಟವಾಗಿ ಹೇಳಿತು. ಗ್ರಾಹಕನ ಒಪ್ಪಿಗೆಯಿಲ್ಲದೆ ಕಾರ್ಡು ಕೊಡಬಾರದು, ಕೊಟ್ಟು ಬಿಲ್ಲು ಕಳಿಸಿದರೆ ಆ ಮೊತ್ತವನ್ನು ರದ್ದುಮಾಡಿ ಅದರ ಎರಡರಷ್ಟು ದಂಡ ತೆರಬೇಕೆಂದೂ ಹೇಳಿತು. ಹಾಗೆ ಹೇಳಬೇಕಾಗಿ ಬಂತೆಂದರೆ, ಅದಕ್ಕೆ ಮೊದಲು ಏನು ನಡೆಯುತ್ತಿತ್ತೆಂಬುದನ್ನು ಓದುಗರೇ ಊಹಿಸಬಹುದು.

ಈಗ ಜೈಲಿನ ಮಾತಿಗೆ ಬರೋಣ. ಕಾರ್ಡಿನ ಬಾಕಿ ಸಿವಿಲ್ ವ್ಯಾಜ್ಯ. ತೀರಿಸಲಾಗದ್ದು ಅಪರಾಧವಲ್ಲ. ಮೋಸ ಮಾಡಬೇಕೆಂದೇ ಸುಳ್ಳು ದಾಖಲೆ ಕೊಟ್ಟು ಕಾರ್ಡು ಪಡೆದಿದ್ದರೆ ಆ ಮಾತು ಬೇರೆ. ಬಡತನದ ಕಾರಣಕ್ಕೆ ಸಾಲ ತೀರಿಸಲಾಗದವನನ್ನು ಸೆರೆಗೆ ತಳ್ಳುವುದು ಸಂವಿಧಾನದ 21ನೇ ವಿಧಿಗೆ ಸಲ್ಲದೆಂದು ಸುಪ್ರೀಂ ಕೋರ್ಟ್ 1980ರಲ್ಲೇ, ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪಿನಲ್ಲಿ ಹೇಳಿದೆ. ಕೈಯಲ್ಲಿ ಹಣವಿದ್ದೂ ಡಿಕ್ರಿಯ ಹಣ ಕೊಡದೆ ಬಚ್ಚಿಡುವವನಿಗೆ ಮಾತ್ರ ಆ ರಕ್ಷಣೆ ಇಲ್ಲ. ಒಂದು ಎಚ್ಚರಿಕೆ ಬೇಕು: ಚೆಕ್ಕು ಬೌನ್ಸ್ ಆದರೆ ಅದು ಅಪರಾಧದ ಪ್ರಕರಣ. ವಸೂಲಿಗೆ ಬಂದವರು "ಸುಮ್ಮನೆ ಭದ್ರತೆಗೆ" ಎಂದು ಖಾಲಿ ಚೆಕ್ಕು ಕೇಳುವುದು ಇದಕ್ಕಾಗಿಯೇ. ಕೊಡಬೇಡಿ.

ಹೊಲಿಗೆ ಮಿಷಿನ್ನಿನ ಗತಿ? ಇಲ್ಲಿ ಕಾನೂನು ನಮಗಿಂತ ಹೃದಯವಂತ ಎನಿಸುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಪ್ರಕಾರ, ಡಿಕ್ರಿಯೇ ಆದರೂ ಕುಶಲಕರ್ಮಿಯ ಉಪಕರಣಗಳನ್ನು ಜಪ್ತಿ ಮಾಡುವಂತಿಲ್ಲ. ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ ಹೊದಿಕೆ, ಧರ್ಮದ ರೂಢಿಯಂತೆ ಹೆಣ್ಣು ಮೈಮೇಲಿಂದ ತೆಗೆಯಬಾರದ ಆಭರಣ, ಇವನ್ನೂ ಮುಟ್ಟುವಂತಿಲ್ಲ. ನ್ಯಾಯಾಧೀಶರೇ ಎತ್ತಿಸಲಾಗದ ಮಿಷಿನ್ನನ್ನು ಫೋನಿನಲ್ಲಿ ಕಿರುಚುವ ಹುಡುಗ ಎತ್ತುತ್ತಾನೆಯೇ? ವಸೂಲಿಗೆ ಗೂಂಡಾಗಳನ್ನು ಬಳಸಬಾರದೆಂದು ಸುಪ್ರೀಂ ಕೋರ್ಟ್ 2007ರಲ್ಲಿ ಬ್ಯಾಂಕುಗಳಿಗೆ ಛೀಮಾರಿ ಹಾಕಿತ್ತು. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನು ಮಾಡಬಾರದು, ಬೆದರಿಸಬಾರದು, ಬಂಧುಗಳ ಮತ್ತು ಗೆಳೆಯರ ಮುಂದೆ ಅವಮಾನಿಸಬಾರದು ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ಸುತ್ತೋಲೆ ಹೊರಡಿಸಿತು. ಚಾಚಾಗೆ ಬಂದ ಫೋನುಗಳಲ್ಲಿ ಒಂದು ಇಶಾ ನಮಾಜಿನ ಹೊತ್ತಿಗೆ, ಇನ್ನೊಂದು ಅವರ ಮಗಳ ಗಂಡನ ಮನೆಗೆ! ಸಾಲ ಮಾಡಿದ್ದು ಚಾಚಾ, ತಲೆ ತಗ್ಗಿಸಿದ್ದು ಬೀಗರ ಮನೆಯಲ್ಲಿರುವ ಮಗಳು. ಹೀಗೆ ಮಾನ ಕಳೆಯುವುದು ವಸೂಲಿಯ ಅಡ್ಡಪರಿಣಾಮವಲ್ಲ. ಅದೇ ಅವರ ಬಂಡವಾಳ.

ಇಷ್ಟೆಲ್ಲ ಹೇಳಿದ ಮೇಲೆ ಆ ಕಾಗದದ ನಿಜವಾದ ಗುಟ್ಟಿಗೆ ಬರುತ್ತೇವೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಇಂಥ ಸಾಲದ ವಸೂಲಿಗೆ ದಾವೆ ಹೂಡಲು ಇರುವ ಅವಧಿ ಮೂರು ವರ್ಷ. ಅವಧಿ ಮುಗಿಯುವ ಮೊದಲು ಸಾಲಗಾರ ಬಾಕಿಯನ್ನು ಬರಹದಲ್ಲಿ ಒಪ್ಪಿದರೆ, ಅಥವಾ ತನ್ನ ಬರಹವಿರುವಂತೆ ಅಷ್ಟಿಷ್ಟು ಹಣ ಕಟ್ಟಿದರೆ, ಮೂರು ವರ್ಷ ಹೊಸದಾಗಿ ಎಣಿಕೆಯಾಗುತ್ತದೆ. ಅವಧಿ ಮೀರಿದ ದಾವೆಯನ್ನು, ಪ್ರತಿವಾದಿ ಆ ತಕರಾರು ಎತ್ತದಿದ್ದರೂ, ನ್ಯಾಯಾಲಯ ತಾನಾಗಿ ವಜಾ ಮಾಡಬೇಕೆಂದು ಅದೇ ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತದೆ.

ಚಾಚಾ ಕೊನೆಯ ಸಲ ಹಣ ಕಟ್ಟಿದ್ದು 2020ರ ಫೆಬ್ರವರಿಯಲ್ಲಿ. ಬಾಕಿ ಬಿದ್ದದ್ದು ಕೊರೊನಾ ಕಾಲದಲ್ಲಿ. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಕಾಲಮಿತಿಯ ಲೆಕ್ಕಕ್ಕೆ ಹಿಡಿಯಬಾರದೆಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಆದೇಶಿಸಿದೆ. ಹಾಗಾಗಿ ಚಾಚಾನ ಮೂರು ವರ್ಷ 2022ರ ಮಾರ್ಚ್ 1ರಿಂದ ಶುರುವಾಯಿತೆಂದೇ ಇಟ್ಟುಕೊಳ್ಳೋಣ. ಆಗಲೂ ಅದು 2025ರ ಫೆಬ್ರವರಿಗೆ ಮುಗಿಯಿತು. ಅಷ್ಟರೊಳಗೆ ಯಾರೂ ದಾವೆ ಹೂಡಲಿಲ್ಲ. ಕಾಗದ ಬಂದದ್ದು ಜುಲೈಯಲ್ಲಿ. ಬ್ಯಾಂಕು ಇಷ್ಟು ವರ್ಷ ಮಲಗಿದ್ದು, ಸಾಲ ಸತ್ತ ಮೇಲೆ ಅದರ ಹೆಣವನ್ನು ಯಾರಿಗೋ ಮಾರಿದೆ. ಕೊಂಡವನು ಈಗ ಅದಕ್ಕೆ ಜೀವ ತುಂಬಲು ಬಂದಿದ್ದಾನೆ.

ಜೀವ ತುಂಬುವ ಮಂತ್ರ ಯಾವುದು? ಚಾಚಾನ ಸಹಿ! ಕರಾರು ಕಾಯ್ದೆಯ 25ನೇ ಸೆಕ್ಷನ್ನಿನ ಮೂರನೇ ಉಪವಿಧಿಯ ಪ್ರಕಾರ, ಅವಧಿ ಮೀರಿದ ಸಾಲವನ್ನು ತೀರಿಸುತ್ತೇನೆಂದು ಸಾಲಗಾರ ಬರೆದು ಸಹಿ ಹಾಕಿದರೆ ಅದು ಹೊಸ ಕರಾರಾಗುತ್ತದೆ. ಆ ಹೊಸ ಕರಾರಿನ ಮೇಲೆ ದಾವೆ ಹೂಡಬಹುದು. 1,86,400ನ್ನು 60,000ಕ್ಕೆ ಇಳಿಸಿದ "ದೊಡ್ಡ ಮನಸ್ಸಿನ" ಅರ್ಥ ಈಗ ತಿಳಿಯಿತಲ್ಲವೇ? ಅವರು 1,26,400 ಬಿಟ್ಟುಕೊಡುತ್ತಿರಲಿಲ್ಲ. ನ್ಯಾಯಾಲಯದಲ್ಲಿ ಒಂದು ರೂಪಾಯಿಯೂ ಹುಟ್ಟದ ಕಾಗದಕ್ಕೆ 60,000 ಬೆಲೆ ಕಟ್ಟಿಸಿಕೊಳ್ಳುತ್ತಿದ್ದರು. ಇಂಗ್ಲಿಷ್ ಬಾರದ ಮುದುಕನ ಕೈಯಿಂದ ಇಂಗ್ಲಿಷಿನಲ್ಲಿ.

ಇಲ್ಲಿ ವಿದ್ಯಾವಂತ ಓದುಗರೊಬ್ಬರು ಕೇಳಬಹುದು: "ಕಾನೂನಿನ ಸಂದಿಯಲ್ಲಿ ನುಸುಳುವುದನ್ನು ಕಲಿಸುತ್ತಿದ್ದೀರಾ? ಎಲ್ಲರೂ ಹೀಗೆ ಮಾಡಿದರೆ ಬ್ಯಾಂಕು ನಡೆಯುವುದು ಹೇಗೆ?" ನಮ್ಮ ಉತ್ತರ ಇಷ್ಟೆ. ಕಾಲಮಿತಿ ಎಂಬುದು ಸಂದಿಯಲ್ಲ, ಹೆಬ್ಬಾಗಿಲು. ಸಾಕ್ಷಿಗಳು ಸಾಯುವ ಮೊದಲು, ಕಾಗದಗಳು ಗೆದ್ದಲು ಹಿಡಿಯುವ ಮೊದಲು ವ್ಯಾಜ್ಯ ತೀರಲಿ ಎಂದು ಕಟ್ಟಿದ ಬಾಗಿಲು. ಅದರಲ್ಲಿ ಟಾಟಾ, ಬಿರ್ಲಾ, ಸರ್ಕಾರ, ಬ್ಯಾಂಕು ಎಲ್ಲರೂ ಓಡಾಡುತ್ತಾರೆ. ಬಡವ ಕಾಲಿಟ್ಟಾಗ ಮಾತ್ರ ಅದು ಕಳ್ಳಗಿಂಡಿಯಾಗುವುದು ಯಾವ ನ್ಯಾಯ?

ಕಾನೂನು ಎರಡೂ ಕಡೆ ಸಮನಾಗಿದೆಯೇ ಎಂಬುದನ್ನೂ ನೋಡಿ. 1918ರಲ್ಲಿ ಬ್ರಿಟಿಷರೇ ತಂದ ಅತಿಬಡ್ಡಿ ಸಾಲಗಳ ಕಾಯ್ದೆಯಡಿ ನ್ಯಾಯಾಲಯ ಅನ್ಯಾಯದ ಬಡ್ಡಿಯ ಲೆಕ್ಕವನ್ನು ಬಿಚ್ಚಿ ನೋಡಬಹುದಿತ್ತು. 1984ರಲ್ಲಿ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ 21ಎ ಎಂಬ ಸೆಕ್ಷನ್ ಸೇರಿತು. ಬ್ಯಾಂಕಿನ ಬಡ್ಡಿ ಅತಿಯಾಯಿತೆಂಬ ಕಾರಣಕ್ಕೆ ಲೆಕ್ಕ ಬಿಚ್ಚುವ ಅಧಿಕಾರ ನ್ಯಾಯಾಲಯದ ಕೈಯಿಂದ ಹೋಯಿತು. ಕಾರ್ಡಿನ ಬಾಕಿಗೆ ವರ್ಷಕ್ಕೆ ಶೇ. 30 ದಾಟಿದ ಬಡ್ಡಿ ಅನುಚಿತ ವ್ಯಾಪಾರವೆಂದು ರಾಷ್ಟ್ರೀಯ ಗ್ರಾಹಕರ ಆಯೋಗ 2008ರ ಜುಲೈಯಲ್ಲಿ ತೀರ್ಪಿತ್ತಿತು. ಬ್ಯಾಂಕುಗಳು ಮೇಲ್ಮನವಿ ಹೋದವು. 16 ವರ್ಷಗಳ ಬಳಿಕ, 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಬಡ್ಡಿಗೆ ಮಿತಿ ಹಾಕುವುದು ಆಯೋಗದ ಕೆಲಸವಲ್ಲ, ಕಾರ್ಡುದಾರರಿಗೆ ಷರತ್ತುಗಳ ತಿಳಿವಳಿಕೆ ಇರುತ್ತದೆ ಎಂಬುದು ಅದರ ಸಾರ. ತೀರ್ಪಿಗೆ ನಾವು ತಲೆಬಾಗುತ್ತೇವೆ. ಆದರೆ ತಿಳಿವಳಿಕೆಯ ಮಾತು ಬಂದಾಗ ನಮ್ಮ ಕಣ್ಣ ಮುಂದೆ ನಿಲ್ಲುವುದು ದರ್ಜಿ ಚಾಚಾನ ಟ್ರಂಕು. ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ ಅಚ್ಚಾದ ಷರತ್ತುಗಳ ಪುಸ್ತಿಕೆಯನ್ನು ಅವರು ಅಳತೆಪಟ್ಟಿಗಳ ಕೆಳಗೆ ಹಾಸಿಟ್ಟಿದ್ದರು.

ಬೀದಿಯಲ್ಲಿ ಮೀಟರ್ ಬಡ್ಡಿ ತೆಗೆದುಕೊಳ್ಳುವವನನ್ನು ಹಿಡಿಯಲು ಕರ್ನಾಟಕದಲ್ಲಿ 2004ರಿಂದ ಕಾನೂನಿದೆ. ಮೈಕ್ರೋ ಫೈನಾನ್ಸಿನ ಕಿರುಕುಳ ತಾಳದೆ ಜನ ಊರು ಬಿಟ್ಟಾಗ, ಪ್ರಾಣ ಬಿಟ್ಟಾಗ, ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಅದು ಒಳ್ಳೆಯ ಕೆಲಸ. ಆದರೆ ರಿಸರ್ವ್ ಬ್ಯಾಂಕಿನ ನೋಂದಣಿ ಇರುವ ಬ್ಯಾಂಕುಗಳನ್ನು ಅದು ಮುಟ್ಟಲಿಲ್ಲ. ವರ್ಷಕ್ಕೆ ಶೇ. 42 ಎಂಬುದು ಬೀದಿಯಲ್ಲಿದ್ದರೆ ಅಪರಾಧ, ಗಾಜಿನ ಬಾಗಿಲಿನೊಳಗಿದ್ದರೆ ದರಪಟ್ಟಿ! ಇನ್ನು ಮುಳುಗಿದ ಕಂಪನಿಗಳಿಗೆ 2016ರ ದಿವಾಳಿ ಸಂಹಿತೆ ಬಂತು. ಕೋಟಿಗಟ್ಟಲೆ ಬಾಕಿಯಲ್ಲಿ ದೊಡ್ಡ ಪಾಲನ್ನು ಬ್ಯಾಂಕುಗಳು ಅಲ್ಲಿ ಬಿಟ್ಟುಕೊಡುತ್ತವೆ. ಅದಕ್ಕೆ "ಹೇರ್‌ಕಟ್" ಎಂಬ ಮುದ್ದಾದ ಹೆಸರೂ ಇದೆ. ಅದೇ ಸಂಹಿತೆಯಲ್ಲಿ ಸಾಮಾನ್ಯ ಮನುಷ್ಯನಿಗೆ ಹೊಸ ಬದುಕು ಕೊಡುವ ಅಧ್ಯಾಯವೊಂದಿತ್ತು. 2019ರಲ್ಲಿ ಅದನ್ನು ಜಾರಿಗೆ ತಂದದ್ದು ಕಂಪನಿಗಳಿಗೆ ಜಾಮೀನು ನಿಂತ ವ್ಯಕ್ತಿಗಳಿಗೆ ಮಾತ್ರ. ಉದ್ಯಮಿಯ ಕೂದಲಿಗೆ ಕತ್ತರಿ, ದರ್ಜಿಯ ಕೊರಳಿಗೆ ಕತ್ತರಿ.

ಈಗ ಚಾಚಾನ ಎರಡನೆಯ ಪ್ರಶ್ನೆ ಉಳಿಯಿತು. ಕೋರ್ಟು ಬಿಟ್ಟರೂ ಅಲ್ಲಾಹ್ ಬಿಡುತ್ತಾನಾ?

ಈ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಕಾನೂನು ಕೂಡ ತಳ್ಳಿಹಾಕಿಲ್ಲ. ಕಾಲಮಿತಿ ಮೀರಿದರೆ ವಸೂಲಿಯ ದಾರಿ ಮುಚ್ಚುತ್ತದೆಯೇ ಹೊರತು ಸಾಲ ಅಳಿಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1958ರಲ್ಲೇ ಹೇಳಿದೆ. ಸಾಲ ಇದೆ ಎಂಬುದು ಒಂದು ಮಾತು, ಅದನ್ನು ನ್ಯಾಯಾಲಯದ ಮೂಲಕ ವಸೂಲು ಮಾಡಬಹುದು ಎಂಬುದು ಇನ್ನೊಂದು ಮಾತು. ನಮ್ಮವರಲ್ಲೇ ಕೆಲವರು, "ಬಡ್ಡಿ ಹರಾಮು, ಆದ್ದರಿಂದ ಬ್ಯಾಂಕಿನ ಸಾಲ ಕೊಡಬೇಕಾಗಿಲ್ಲ" ಎಂದು ಫತ್ವಾ ಹೊರಡಿಸುವ ಧಾಟಿಯಲ್ಲಿ ಮಾತಾಡುತ್ತಾರೆ. ಇದು ಧರ್ಮದ ಹೆಸರಿನಲ್ಲಿ ಮಾಡುವ ಜಾಣತನ. ಕುರ್‌ಆನ್ ಬಡ್ಡಿಯನ್ನು ನಿಷೇಧಿಸಿದ ಜಾಗದಲ್ಲೇ ಅಸಲು ಕೊಟ್ಟವನದು ಎಂದೂ ಹೇಳಿದೆ. ಎರಡೂ ಕಡೆ ಅನ್ಯಾಯವಾಗಬಾರದೆಂದಿದೆ. ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಬಿಡುವು ಕೊಡಬೇಕೆಂದಿದೆ. ಆ ಗ್ರಂಥದ ಅತಿ ಉದ್ದದ ಆಯತ್ತು ನಮಾಜಿನ ಬಗ್ಗೆಯಲ್ಲ, ಸಾಲವನ್ನು ಬರೆದಿಡುವ ಬಗ್ಗೆ ಎಂಬುದನ್ನು ನಾವು ಮದರಸಾದಲ್ಲಿ ಓದಿದ್ದೇವೆ. ಅಲ್ಲಿ ಸಾಲದ ಪತ್ರವನ್ನು ಹೇಳಿ ಬರೆಸಬೇಕಾದವನು ಯಾರು? ಕೊಟ್ಟವನಲ್ಲ, ಪಡೆದವನು! ಅವನಿಗೆ ಶಕ್ತಿ ಸಾಲದಿದ್ದರೆ ಅವನ ಪರವಾಗಿ ನಿಲ್ಲುವವನು ನ್ಯಾಯದಿಂದ ಹೇಳಿ ಬರೆಸಬೇಕು. ಕಾರ್ಡಿನ ಈ ಇಡೀ ವ್ಯವಹಾರದಲ್ಲಿ ಚಾಚಾ ಹೇಳಿ ಬರೆಸಿದ ಒಂದಾದರೂ ಪದವಿದೆಯೇ?

ಆದ್ದರಿಂದ ನಾವು ಚಾಚಾಗೆ ಹೇಳಿದ್ದು ಇಷ್ಟು. "ನೀವು ತೆಗೆದುಕೊಂಡದ್ದು 40,000. ಕಟ್ಟಿದ್ದು 6,000. ಉಳಿದದ್ದು ನಿಮ್ಮ ಮನಸ್ಸಿನಲ್ಲಿ ಸಾಲವಾಗಿಯೇ ಇರಲಿ. ಕೈಯಲ್ಲಿ ಆದಾಗ, ನಿಮ್ಮ ಇಷ್ಟದಿಂದ, ಯಾರಿಗೆ ಸಲ್ಲಬೇಕೆಂಬುದು ಕಾಗದದಲ್ಲಿ ರುಜುವಾತಾದ ಮೇಲೆ, ಪೂರ್ತಿ ತೀರಿತೆಂಬ ರಸೀದಿ ಪಡೆದು ಕೊಡಿ. ಅದು ನಿಮಗೂ ಅಲ್ಲಾಹ್‌ನಿಗೂ ಬಿಟ್ಟದ್ದು. ಆದರೆ ಹೆದರಿ ಸಹಿ ಹಾಕಬೇಡಿ. ಹೆದರಿಕೆಯಿಂದ ಕೊಟ್ಟದ್ದು ಈಮಾನಿನ ಲೆಕ್ಕಕ್ಕೆ ಸೇರುವುದಿಲ್ಲ, ಏಜೆಂಟನ ಕಮಿಷನ್ನಿಗೆ ಸೇರುತ್ತದೆ."

ಚಾಚಾ ಸಹಿ ಹಾಕಲಿಲ್ಲ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ನಾವಿಬ್ಬರೂ ಹೋದೆವು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ, ನಿಗದಿತ ಮಿತಿಗಿಂತ ಕಡಿಮೆ ಆದಾಯದವರಿಗೆ ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ. ದೂರವಾಣಿ 15100. ಅಲ್ಲಿನ ವಕೀಲರು ಕಂಪನಿಗೆ ಒಂದು ಪುಟದ ಉತ್ತರ ಬರೆದರು: ಬಾಕಿಯನ್ನು ನಾವು ಒಪ್ಪುವುದಿಲ್ಲ, ಸಾಲ ನಿಮಗೆ ಬಂದ ಪತ್ರ ಮತ್ತು ಪೂರ್ತಿ ಲೆಕ್ಕ ಕಳಿಸಿ, ಅವಧಿ ಮೀರಿದೆ, ಇನ್ನು ಮುಂದೆ ಬರಹದಲ್ಲಿ ಮಾತ್ರ ವ್ಯವಹರಿಸಿ. ಇದನ್ನು ಬರೆಯುವ ಹೊತ್ತಿಗೂ ಅದಕ್ಕೆ ಉತ್ತರ ಬಂದಿಲ್ಲ. ಫೋನುಗಳು ಮಾತ್ರ ನಿಂತಿವೆ.

ಎಲ್ಲರ ಪ್ರಕರಣವೂ ಚಾಚಾನದರಂತೆ ಇರುವುದಿಲ್ಲ. ಮೂರು ವರ್ಷ ಮುಗಿಯದ ಸಾಲಗಳೇ ಹೆಚ್ಚು. ಅಂಥವರು ಅಡಗಿ ಕೂರುವ ಬದಲು ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಬೇಕು. 30 ದಿನಗಳಲ್ಲಿ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬೇಕು. ಲೋಕ ಅದಾಲತ್ತಿನ ನೋಟಿಸು ಬಂದರೆ ಹೆದರಬೇಕಾಗಿಲ್ಲ, ಅದು ರಾಜಿಗೆ ಕರೆದ ಕಾಗದ. ಒಪ್ಪಿಗೆಯಾಗದಿದ್ದರೆ ಎದ್ದು ಬರಬಹುದು. ಒಪ್ಪಿ ಸಹಿ ಹಾಕಿದರೆ ಮಾತ್ರ ಅದು ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿಯಿಲ್ಲ. ಬ್ಯಾಂಕು ತಾನೇ ನೇಮಿಸಿದ ಮಧ್ಯಸ್ಥಗಾರನಿಂದ ದೂರದ ಊರಿನ ನೋಟಿಸು ಬಂದರೆ, ಅಂಥ ಏಕಪಕ್ಷೀಯ ನೇಮಕ ಸಲ್ಲದೆಂದು ಸುಪ್ರೀಂ ಕೋರ್ಟ್ 2019ರಲ್ಲೂ, ಐವರು ನ್ಯಾಯಮೂರ್ತಿಗಳ ಪೀಠವಾಗಿ 2024ರ ನವೆಂಬರಿನಲ್ಲೂ ಹೇಳಿದೆ ಎಂದು ಬರಹದಲ್ಲಿ ತಕರಾರು ಸಲ್ಲಿಸಬೇಕು. ಸಾಲ ಮಾಡಿದವರು ತೀರಿಕೊಂಡಿದ್ದರೆ ಹೆಂಡತಿ ಮಕ್ಕಳ ಹೊಣೆ ಅವರಿಂದ ಬಂದ ಆಸ್ತಿಯಷ್ಟಕ್ಕೆ ಮಾತ್ರ, ತಮ್ಮ ದುಡಿಮೆಯಿಂದಲ್ಲ.

ಕೊನೆಗೆ ನಮ್ಮ ಜಮಾತಿನ ಹಿರಿಯರಲ್ಲಿ, ಊರಿನ ಸಂಘ ಸಂಸ್ಥೆಗಳಲ್ಲಿ ಒಂದು ಮಾತು. ಶುಕ್ರವಾರದ ಬಯಾನಿನಲ್ಲಿ ಬಡ್ಡಿಯ ಪಾಪದ ಬಗ್ಗೆ ನಾವು ವರ್ಷಗಟ್ಟಲೆ ಕೇಳಿದ್ದೇವೆ. ಆದರೆ ಹೆಂಡತಿಯ ಆಪರೇಷನ್ನಿಗೆ 40,000 ಬೇಕಾದ ದಿನ ಚಾಚಾ ಯಾರ ಬಾಗಿಲಿಗೆ ಹೋಗಬೇಕಿತ್ತು? ಮಸೀದಿಗೆ ಹೊಸ ಮಾರ್ಬಲ್ಲು ಹಾಸಿದ್ದು ಅದೇ ವರ್ಷ. ಬಡ್ಡಿಯಿಲ್ಲದೆ ಹತ್ತಿಪ್ಪತ್ತು ಸಾವಿರ ಕೊಡುವ ಒಂದು ನಿಧಿ ಪ್ರತಿ ಮೊಹಲ್ಲಾದಲ್ಲಿದ್ದರೆ, ಇಂಗ್ಲಿಷ್ ಕಾಗದ ಓದಿ ಹೇಳುವ ಒಬ್ಬ ಹುಡುಗ ವಾರಕ್ಕೊಂದು ಸಂಜೆ ಕೂತರೆ, ಟೈ ಕಟ್ಟಿದವನ ಸಂಚಿಯಲ್ಲಿ ಕಾರ್ಡುಗಳು ಹಾಗೇ ಉಳಿಯುತ್ತವೆ. ಬ್ಯಾಂಕನ್ನು ಬೈಯುವ ಹಕ್ಕು ನಮಗಿದೆ. ಆದರೆ ಆ ಹಕ್ಕನ್ನು ಪೂರ್ತಿಯಾಗಿ ಸಂಪಾದಿಸಲು ನಾವು ಮಾಡಬೇಕಾದದ್ದೂ ಇದೆ.

ಆ ಕಾಗದ ಈಗ ನಮ್ಮ ಮೇಜಿನ ಮೇಲಿದೆ. ಸಹಿಯ ಜಾಗ ಖಾಲಿಯಿದೆ. ನಿಮ್ಮ ಮನೆಯ ಹಿರಿಯರ ಜೇಬಿನಲ್ಲೂ ಅಂಥದೊಂದು ಇದ್ದರೆ, ಇವತ್ತೇ ಅವರ ಪಕ್ಕ ಕೂತು ಬಿಡಿಸಿ ಓದಿ.